ಇಂದ್ರಮ್ಮನವರ ಮೈನಸ್ ಒಂದು

ಇಂದ್ರಮ್ಮನವರು ಹೆದರುಪುಕ್ಕಲು ಎಂದು ನಾವೆಲ್ಲ ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಎದುರಿಗೂ ನಗುತ್ತಿದ್ದೆವು, ಅದರಲ್ಲೇನು ಮುಚ್ಚುಮರೆ. ಬಸವೇಶ್ವರನಗರದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಬೆಳಿಗ್ಗೆ ಹೊರಡುವಾಗ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡಿ, ಬೀಗ ಹಾಕಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಬೀಗ ಎಳೆದು ನೋಡುತ್ತಾರೆ. ನನ್ನ ಸ್ಕೂಟರಿನ ಹಿಂದೆ ಕೂತ ಮೇಲೂ, "ರಾಗಿಣಿ, ಬೀಗ ಹಾಕಿದ್ನಲ್ವೇನೇ?" ಎಂದು ಸಿಗ್ನಲ್ಲಿನಲ್ಲಿ ಒಂದು ಸಲ ಕೇಳದಿದ್ದರೆ ಅವರಿಗೆ ಆ ದಿನ ಸಾಗುವುದಿಲ್ಲ.

ಇಪ್ಪತ್ತೊಂದನೆಯ ವಯಸ್ಸಿಗೆ ಟೆಲಿಫೋನ್ ಇಲಾಖೆ ಸೇರಿದವರು ಅವರು, ಟ್ರಂಕ್ ಕಾಲ್ ಕಾಲದಲ್ಲಿ. ಕಿವಿಗೆ ಹೆಡ್‌ಫೋನು, ಎದುರಿಗೆ ತೂತು ತೂತಿನ ಬೋರ್ಡು, ಕೈಯಲ್ಲಿ ಪ್ಲಗ್ಗು. ದಾವಣಗೆರೆಯ ಸಾಹುಕಾರರಿಂದ ಹಿಡಿದು ಮಂಡ್ಯದ ಡಾಕ್ಟರ ತನಕ ಎಲ್ಲರ ಗಂಟಲೂ ಅವರಿಗೆ ಗೊತ್ತಿತ್ತು. ಯಾರ ಮನೆಯ ಮಗಳು ಅತ್ತಳು, ಯಾರ ಸಂಬಂಧ ಮುರಿಯಿತು, ಎಲ್ಲವೂ ಕಿವಿಗೆ ಬೀಳುತ್ತಿತ್ತು. ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರದು ಎಂದು ಅವರ ಸೂಪರ್‌ವೈಸರ್ ಮೊದಲ ದಿನವೇ ಹೇಳಿದ್ದರಂತೆ. ಸ್ವಂತ ಗಂಡ ಸಾಯುವ ತನಕ ಕೇಳಿದರೂ ಇವರು ಒಂದು ಮಾತು ಬಿಟ್ಟುಕೊಡಲಿಲ್ಲ. ಅಂಥವರು ನಿವೃತ್ತರಾದ ಮೇಲೆ ನಮ್ಮ ಕೇಂದ್ರಕ್ಕೆ ಬಂದದ್ದು ನಮ್ಮ ಪುಣ್ಯ.

ಕೇಂದ್ರ ಎಂದರೆ ದೊಡ್ಡದೇನಲ್ಲ. ವಿಜಯನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ಎರಡು ಕೋಣೆ. ಗಂಡನ ಮನೆಯಲ್ಲಿ ಪೆಟ್ಟು ತಿಂದು ಉಟ್ಟ ಬಟ್ಟೆಯಲ್ಲಿ ಬರುವ ಹೆಂಗಸರಿಗೆ ನಾವು ಬೇರೆ ಕಡೆ ಮನೆ, ಕೆಲಸ, ಮಕ್ಕಳಿಗೆ ಶಾಲೆ ಹುಡುಕಿಕೊಡುತ್ತೇವೆ. ನಾನು ಅವರ ಮಾತು ಕೇಳುವವಳು. ಇಂದ್ರಮ್ಮನವರು ಫೋನು, ಕಾಗದ, ಕಂಪ್ಯೂಟರ್ ನೋಡಿಕೊಳ್ಳುವವರು. ಆ ಕಂಪ್ಯೂಟರಿನಲ್ಲಿ ಅರವತ್ತಮೂರು ಹೆಂಗಸರ ಫೈಲುಗಳಿದ್ದವು. ನಿಜವಾದ ಹೆಸರು, ಈಗಿರುವ ಮನೆಯ ವಿಳಾಸ, ಮಗುವಿನ ಶಾಲೆ. ಆ ವಿಳಾಸ ಗಂಡನ ಕೈಗೆ ಸಿಕ್ಕಿತೋ, ಮುಗಿಯಿತು.

ಕಂಪ್ಯೂಟರನ್ನು ಸಿದ್ಧಮಾಡಿ ಕೊಟ್ಟವನು ಸಿದ್ದೇಶ್. ಯಾವುದೋ ಕಂಪನಿಯಲ್ಲಿ ಕೆಲಸ, ಭಾನುವಾರ ನಮಗೆ ಬಿಟ್ಟಿ ಸೇವೆ. ಆ ಫೈಲುಗಳನ್ನು ಅಡ್ಮಿನ್ ಪಾಸ್‌ವರ್ಡ್ ಹೊಡೆಯದೆ ತೆರೆಯಲು ಆಗದ ಹಾಗೆ ಮಾಡಿದ್ದ. ಪಾಸ್‌ವರ್ಡ್ ಇಂದ್ರಮ್ಮನವರದೇ ಆಯ್ಕೆ. ಅವರ ಕಾಲದ ಎರಡು ಹಳೆಯ ಫೋನ್ ನಂಬರುಗಳು, ಹಿಂದೆ ಮುಂದೆ ಸೇರಿಸಿ ಹನ್ನೆರಡು ಅಂಕಿ. ಯಾರ ನಂಬರು ಎಂದು ನನಗೂ ಹೇಳಲಿಲ್ಲ.

"ಆಂಟಿ, ಒಂದು ವಿಷಯ," ಎಂದ ಸಿದ್ದೇಶ್ ಮೊದಲ ದಿನ. "ಪಾಸ್‌ವರ್ಡ್ ಒಂದ್ಸಲ ಹೊಡೆದ್ರೆ ಮಾಮೂಲಿಯಾಗಿ ಇದು ಹದಿನೈದು ನಿಮಿಷ ಜ್ಞಾಪಕ ಇಟ್ಕೊಳುತ್ತೆ. ಅಷ್ಟರೊಳಗೆ ನೀವು ಎದ್ದು ಹೋಗಿ ಬೇರೆ ಯಾರೋ ಬಂದು ಕೂತ್ರೂ, ಇದು ನೀವೇ ಅಂದ್ಕೊಳುತ್ತೆ."

"ಅಯ್ಯೋ ರಾಮ! ಹಾಗಾದ್ರೆ ಜ್ಞಾಪಕ ಇಟ್ಕೊಳೋದೇ ಬೇಡಪ್ಪ."

ಅವನು ನಕ್ಕು, ಒಂದು ಕಡೆ ಹದಿನೈದರ ಜಾಗದಲ್ಲಿ ಸೊನ್ನೆ ಬರೆದ. ಅಲ್ಲಿಂದಾಚೆಗೆ ಯಂತ್ರ ಪ್ರತಿ ಫೈಲಿಗೂ ಪಾಸ್‌ವರ್ಡ್ ಕೇಳತೊಡಗಿತು. ಇದನ್ನೆಲ್ಲ ಇಂದ್ರಮ್ಮನವರ ನೋಟ್‌ಬುಕ್ಕಿನಲ್ಲಿ ಬರೆದೂ ಕೊಟ್ಟ. ಸೊನ್ನೆ ಹಾಕಿದರೆ ಆಗಲೇ ಮರೆಯುತ್ತದೆ. ಹದಿನೈದು ಹಾಕಿದರೆ ಹದಿನೈದು ನಿಮಿಷ. ಮೈನಸ್ ಒಂದು ಹಾಕಿದರೆ ಯಂತ್ರ ಆಫ್ ಮಾಡುವ ತನಕ ಮರೆಯುವುದೇ ಇಲ್ಲ. ಮೈನಸ್ ಒಂದರ ಕೆಳಗೆ ಎರಡು ಗೆರೆ ಎಳೆದು 'ಆಂಟಿ, ಇದನ್ನ ಮಾತ್ರ ಹಾಕ್ಬೇಡಿ' ಎಂದು ಬರೆದಿದ್ದ.

ಧನ್ಯಶ್ರೀ ನಮ್ಮಲ್ಲಿಗೆ ಬಂದದ್ದು ಜೂನ್ ತಿಂಗಳಲ್ಲಿ. ಎಡಗೈ ಮುರಿದಿತ್ತು. ಬಲಗೈಯಲ್ಲಿ ಏಳು ವರ್ಷದ ಮಗಳು ರಂಜಿನಿ. ಗಂಡ ಮಹದೇವ್ ಬ್ಯಾಡರಹಳ್ಳಿ ಕಡೆ ಜೆರಾಕ್ಸ್ ಅಂಗಡಿ ಇಟ್ಟು, ಕಂಪ್ಯೂಟರಿನಲ್ಲಿ ಜನರ ಅರ್ಜಿ ತುಂಬಿಕೊಡುವವನು. 'ಎಲ್ಲಿ ಹೋದ್ರೂ ಹುಡುಕ್ತೀನಿ, ಈ ಸಲ ಕೈ ಮುರಿಯಲ್ಲ' ಎಂದು ಹೇಳಿದ್ದನಂತೆ. ಅವನ ಮುಖ ನಾವು ನೋಡಿರಲಿಲ್ಲ, ಫೋಟೋಗಳನ್ನೆಲ್ಲ ಧನ್ಯಶ್ರೀ ಅಳಿಸಿಹಾಕಿದ್ದಳು. ಅವಳಿಗೆ ಕೆಂಗೇರಿ ಉಪನಗರದಲ್ಲಿ ಒಂದು ಮನೆಯ ಮೇಲಿನ ಕೋಣೆ ಹುಡುಕಿಕೊಟ್ಟೆವು. ಒಂದು ಹೊಲಿಗೆ ಯಂತ್ರ ಕೊಡಿಸಿದೆವು. ಮಗಳು ಹೊಸ ಶಾಲೆಯಲ್ಲಿ ಹಾಡು ಕಲಿತಳು ಎಂದು ಆಗಸ್ಟಿನಲ್ಲಿ ಫೋನ್ ಮಾಡಿ ನಕ್ಕಿದ್ದಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು.

ಆ ಮೂರು ತಿಂಗಳಲ್ಲಿ ಕೇಂದ್ರಕ್ಕೆ ನಾಲ್ಕು ಫೋನ್ ಕರೆ ಬಂದವು. ಒಂದು ಸಲ ಕೊರಿಯರ್ ಆಫೀಸಿನವನು, ಒಂದು ಸಲ ಶಾಲೆಯ ಗುಮಾಸ್ತ, ಒಂದು ಸಲ ಧನ್ಯಶ್ರೀಯ ಅಣ್ಣ, ಇನ್ನೊಂದು ಸಲ ಇನ್ಶೂರೆನ್ಸ್. ಎಲ್ಲರಿಗೂ ಅವಳ ವಿಳಾಸ ಬೇಕಿತ್ತು. ನಾಲ್ಕನೆಯದನ್ನು ಇಟ್ಟು ಇಂದ್ರಮ್ಮನವರು ಬೆವರು ಒರೆಸಿಕೊಂಡರು.

"ಒಂದೇ ಗಂಟಲು ಕಣೇ. ನಾಲ್ಕೂ ಒಬ್ಬನೇ."

"ನಿಮಗೆ ಎಲ್ಲದರಲ್ಲೂ ಭೂತ ಕಾಣುತ್ತೆ ಆಂಟಿ," ಎಂದೆ ನಾನು. ಹೇಳಿ ನಕ್ಕೆ ಕೂಡ.

ಇನ್ನು ಆಯುಧಪೂಜೆಯ ದಿನ. ಬುಧವಾರ. ಮಾರನೆಯ ವಾರದ ಸಭೆಗೆ ಒಂದು ಪಟ್ಟಿ ಬೇಕಿತ್ತು, ಯಾವ ಕಡೆ ಎಷ್ಟು ಹೆಂಗಸರು, ಎಷ್ಟು ಮಕ್ಕಳು ಎಂದು. ಬರೀ ಸಂಖ್ಯೆ ಸಾಕು, ಆದರೆ ಸಂಖ್ಯೆಗಾಗಿ ಅರವತ್ತಮೂರು ಫೈಲು ತೆರೆಯಬೇಕು. ಹನ್ನೆರಡು ಅಂಕಿ, ಅರವತ್ತಮೂರು ಸಲ. ಇಂದ್ರಮ್ಮನವರ ಹೆಬ್ಬೆರಳ ಸಂದು ಆ ವಾರ ಊದಿ ನಿಂಬೆಹಣ್ಣಿನ ಹಾಗಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬಂದು ಕೂತವರು ಒಂಬತ್ತಕ್ಕೆ ಹತ್ತು ಫೈಲೂ ಮುಗಿಸಿರಲಿಲ್ಲ. ಆಮೇಲೆ, ಬೀಗ ಮೂರು ಸಲ ಎಳೆಯುವ ಆ ಹೆಂಗಸು ನೋಟ್‌ಬುಕ್ ತೆಗೆದು ಸೊನ್ನೆಯ ಜಾಗದಲ್ಲಿ ಮೈನಸ್ ಒಂದು ಬರೆದರು. ಪಟ್ಟಿ ಮುಗಿದ ಕೂಡಲೇ ಮತ್ತೆ ಸೊನ್ನೆ ಹಾಕಿದರಾಯಿತು ಎಂದುಕೊಂಡರಂತೆ. ಇಷ್ಟು ವರ್ಷದಲ್ಲಿ ಅವರು ಮಾಡಿದ ಒಂದೇ ಒಂದು ಸೋಮಾರಿತನ ಅದು, ಅದನ್ನೂ ನೋವಿಗೆ ಮಾಡಿದ್ದು.

ಹನ್ನೊಂದಕ್ಕೆ ಪುರುಷೋತ್ತಮ ಅವರು ಮೆಟ್ಟಿಲು ಹತ್ತಿ ಬಂದರು. ಕೆಳಗಿನ ಅಂಗಡಿ ಅವರದು, ಕಟ್ಟಡ ಅವರದು, ನಮಗೆ ಆ ಎರಡು ಕೋಣೆ ಬಿಟ್ಟುಕೊಟ್ಟವರೂ ಅವರೇ. ಒಳ್ಳೆಯ ಮನುಷ್ಯ, ಆದರೆ ಪಂಚಾಂಗ ಕೈಗೆ ಬಂದರೆ ಯಾರ ಮಾತೂ ಕೇಳುವವರಲ್ಲ.

"ಏಳಿ ಏಳಿ, ಇಂದ್ರಮ್ಮನೋರೇ! ಹನ್ನೆರಡಕ್ಕೆ ರಾಹುಕಾಲ. ಅಷ್ಟರಲ್ಲಿ ಪೂಜೆ ಮುಗೀಬೇಕು."

"ಒಂದೈದು ನಿಮಿಷ ಸಾರ್, ಇನ್ನು ಮೂರು ಫೈಲ್ ಇದೆ..."

"ವರ್ಷಕ್ಕೊಂದು ದಿನ ಆ ಯಂತ್ರಕ್ಕೂ ರೆಸ್ಟ್ ಕೊಡಿ," ಎನ್ನುತ್ತಾ ಅವರು ಕುರ್ಚಿಯ ಪಕ್ಕಕ್ಕೇ ಬಂದು, ಪೆನ್‌ಡ್ರೈವಿನಲ್ಲಿ ತಂದಿದ್ದ ಚಾಮುಂಡೇಶ್ವರಿಯ ಚಿತ್ರವನ್ನು ಸ್ಕ್ರೀನಿನ ತುಂಬ ಹಾಕಿಸಿದರು. ಸಂಜೆಯ ತನಕ ತಾಯಿ ಕಾಣಬೇಕು, ಮಧ್ಯೆ ಕಪ್ಪಾಗಬಾರದು ಎಂದು ಸ್ಕ್ರೀನ್ ಲಾಕ್ ಆಗುವುದನ್ನೂ ತೆಗೆಸಿದರು. ಮಾನಿಟರಿಗೆ ಅರಿಶಿನ ಕುಂಕುಮ, ಮೇಲೆ ಚೆಂಡುಹೂವಿನ ಹಾರ, ಕೀಬೋರ್ಡಿನ ಮೇಲೆ ಎರಡು ಎಸಳು ಸೇವಂತಿಗೆ. ಮಂಗಳಾರತಿ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ನಾಳೆ ಬೆಳಿಗ್ಗೆ ತನಕ ಯಾರೂ ಮುಟ್ಟೋ ಹಾಗಿಲ್ಲ."

ಇಂದ್ರಮ್ಮನವರು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. ಅವರ ಬೆರಳು ತಣ್ಣಗಿತ್ತು.

"ರಾಗಿಣಿ, ಮೈನಸ್ ಒಂದು ಹಾಕ್ಬಿಟ್ಟಿದೀನಿ ಕಣೇ. ಆ ಚಿತ್ರದ ಹಿಂದೆ ಎಲ್ಲಾ ಫೈಲೂ ತೆರ್ಕೊಂಡಿದೆ. ಯಾರು ಒತ್ತಿದ್ರೂ ಕೇಳಲ್ಲ, ಸೀದಾ ತೋರಿಸುತ್ತೆ. ಆಫ್ ಮಾಡ್ಬೇಕು."

"ಸಾರ್ ಕೂಗಾಡ್ತಾರೆ ಆಂಟಿ. ಅವರು ಊಟಕ್ಕೆ ಹೋದ ಮೇಲೆ ಮಾಡೋಣ. ಅರ್ಧ ಗಂಟೇಲಿ ಯಾರು ಬರ್ತಾರೆ ಬಿಡಿ."

ಈ ಮಾತು ಹೇಳಿದವಳು ನಾನು. ಬರೆಯುವಾಗ ಇದನ್ನು ಬಿಟ್ಟುಬಿಡಬಹುದಿತ್ತು, ಬಿಡುವುದಿಲ್ಲ.

ಬೇರೆ ದಿನ ನಮ್ಮ ಬಾಗಿಲಿಗೆ ಒಳಗಿನಿಂದ ಚಿಲಕ, ಬೆಲ್ ಒತ್ತಿದರೆ ಕಿಂಡಿಯಲ್ಲಿ ನೋಡಿಯೇ ತೆಗೆಯುವುದು. ಹಬ್ಬದ ದಿನ ಬಾಗಿಲು ಮುಚ್ಚಬಾರದು ಎಂದು ಪುರುಷೋತ್ತಮ ಅವರು ಅದನ್ನು ಪೂರ್ತಿ ತೆರೆದಿಟ್ಟು ಮಾವಿನ ತೋರಣ ಕಟ್ಟಿಸಿದ್ದರು. ಮೇಜಿನ ಮೇಲೆ ಕಡ್ಲೆಪುರಿ, ಬಾಳೆಹಣ್ಣು, ಬಂದವರು ತೆಗೆದುಕೊಂಡು ಹೋಗಲಿ ಎಂದು. ಅಷ್ಟರಲ್ಲಿ ಕೆಳಗೆ ಅಂಗಡಿಯ ಗೂಡ್ಸ್ ಗಾಡಿಗೆ ಬೂದುಗುಂಬಳಕಾಯಿ ಒಡೆಯುವ ಹೊತ್ತಾಯಿತು. "ಎಲ್ಲರೂ ಬನ್ನಿ, ಎಲ್ಲರೂ ಇರಬೇಕು," ಎಂದು ಕರೆದರು. ಇಂದ್ರಮ್ಮನವರು ಬಾಗಿಲಲ್ಲೇ ನಿಂತರು. ಹೆಗಲ ಮೇಲೆ ಕೈ ಹಾಕಿ ಕೆಳಗೆ ಕರೆದುಕೊಂಡು ಹೋದವಳೂ ನಾನೇ.

ಕಾಯಿ ನಿವಾಳಿಸಿ, ಒಡೆದು, ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ, ನಾವು ಮತ್ತೆ ಮೇಲೆ ಬರುವಷ್ಟರಲ್ಲಿ ಹತ್ತು ಹನ್ನೆರಡು ನಿಮಿಷ ಆಗಿರಬಹುದು.

ಕಂಪ್ಯೂಟರ್ ಪಕ್ಕದ ಕುರ್ಚಿಯಲ್ಲಿ ಒಬ್ಬ ಗಂಡಸು ಕೂತು ಕಡ್ಲೆಪುರಿ ತಿನ್ನುತ್ತಿದ್ದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಕುಂಕುಮ. ನಮ್ಮನ್ನು ಕಂಡು ಮರ್ಯಾದೆಯಿಂದ ಎದ್ದು ನಿಂತ.

"ಅಮ್ಮಾ, ಸ್ವಲ್ಪ ನೀರು ಸಿಗುತ್ತಾ?"

ನನಗೇನೂ ಅನ್ನಿಸಲಿಲ್ಲ. ನೀರು ತರಲು ಹೊರಟೆ. ಆಗ ಇಂದ್ರಮ್ಮನವರ ಮುಖ ನೋಡಿದೆ. ರಕ್ತವೇ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಅವನ ಗಂಟಲ ಮೇಲಿತ್ತು. ಆ ನಾಲ್ಕು ಫೋನಿನ ಗಂಟಲು ಇದೇ ಎಂದು ಆಗ ನನಗೂ ಗೊತ್ತಾಯಿತು. ಲೋಟಕ್ಕೆ ನೀರು ಬಗ್ಗಿಸಿಕೊಂಡು ಅಲ್ಲೇ ನಿಂತೆ.

ಅವರು ಮಾತ್ರ ನಡೆದು ಹೋಗಿ ಅವನಿಗೂ ಕಂಪ್ಯೂಟರಿಗೂ ನಡುವೆ ನಿಂತರು. ಐದಡಿ ಕೂಡ ಇಲ್ಲದ ಹೆಂಗಸು.

"ಯಾರಪ್ಪ ನೀವು?"

"ಮಧ್ವೇಶ್ ಅಂತ. ಕೆಳಗಡೆ ಅಂಗಡಿಗೆ ಬಂದಿದ್ದೆ, ಪ್ರಸಾದ ಮೇಲಿದೆ ಅಂದ್ರು." ಅವನು ನನ್ನ ಕೈಯಿಂದ ಲೋಟ ತೆಗೆದುಕೊಂಡು ಕೊನೆಯ ಹನಿಯ ತನಕ ನಿಧಾನವಾಗಿ ಕುಡಿದ. "ಹೆಂಗಸರಿಗೆಲ್ಲ ಸಹಾಯ ಮಾಡ್ತೀರಂತೆ. ಒಳ್ಳೇ ಕೆಲಸ ಬಿಡಿ ಅಮ್ಮ." ದೇವಿಯ ಚಿತ್ರಕ್ಕೆ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲು ಇಳಿದು ಹೋದ. ಓಡಲಿಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ.

ಇಂದ್ರಮ್ಮನವರು ಗೋಡೆಯ ಸ್ವಿಚ್ಚಿಗೆ ಕೈ ಹಾಕಿ ಪ್ಲಗ್ಗನ್ನು ಕಿತ್ತೇಬಿಟ್ಟರು. ತಾಯಿ ಚಾಮುಂಡಿ ಫಕ್ಕನೆ ಆರಿಹೋದಳು.

"ಏನ್ರೀ ಇದು ಅಪಶಕುನ!" ಎಂದು ಪುರುಷೋತ್ತಮ ಅವರು ಬಾಗಿಲಲ್ಲಿ ಕೂಗಿದರು.

"ಬಾಯ್ಮುಚ್ಚಿ ಸಾರ್!" ಎಂದರು ಇಂದ್ರಮ್ಮನವರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪುರುಷೋತ್ತಮ ಅವರು ನಿಜವಾಗಿಯೂ ಬಾಯಿ ಮುಚ್ಚಿದರು.

ಸಿದ್ದೇಶನಿಗೆ ಫೋನ್ ಮಾಡಿದೆವು. ಅವನು ಹೇಳಿದ ಹಾಗೆ ಮತ್ತೆ ಆನ್ ಮಾಡಿ, ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡಿದ್ದಾಯಿತು. ನಮಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಆ ಬಿಳಿ ಅಂಗಿಯವನು ಧನ್ಯಶ್ರೀಯ ಫೈಲ್ ನೋಡಿದನೇ, ಇಲ್ಲವೇ?

"ಹೇಳಕ್ಕಾಗಲ್ಲ ಆಂಟಿ," ಎಂದ ಸಿದ್ದೇಶ್. "ಏನಾದ್ರೂ ಬದಲಾಯಿಸಿದ್ರೆ ಗೊತ್ತಾಗ್ತಿತ್ತು. ಸುಮ್ನೆ ತೆರೆದು ಓದಿ ಮುಚ್ಚಿದ್ರೆ ಗುರುತು ಉಳಿಯಲ್ಲ." ಕೊನೆಗೆ ಕೇಳಿದ, "ಮೈನಸ್ ಒಂದು ಹಾಕಿದ್ರಾ?"

ಇಂದ್ರಮ್ಮನವರು ನೋಟ್‌ಬುಕ್ ಮುಚ್ಚಿಟ್ಟರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನಮಗೆ ಬುದ್ಧಿಯೂ ಬಂದಿರಲಿಲ್ಲ, ಬರೀ ನಡುಕ ಬಂದಿತ್ತು.

ನಾನು ಸಮಾಧಾನ ಹೇಳಿದೆ. ಬಂದವನು ಮಹದೇವ್ ಅಲ್ಲದಿರಬಹುದು, ಅವನೇ ಆದರೂ ಚಿತ್ರ ಇದ್ದ ಹಾಗೇ ಇತ್ತಲ್ಲ, ಮುಟ್ಟದೆಯೂ ಇರಬಹುದು. ಧನ್ಯಶ್ರೀಗೆ ಈಗಲೇ ಯಾಕೆ ಹೇಳಿ ಹೆದರಿಸಬೇಕು, ಎರಡು ದಿನ ನೋಡೋಣ. ಪೊಲೀಸರ ಹತ್ತಿರ ಹೋಗೋಣವೆಂದರೆ ನಮ್ಮ ಕೈಯಲ್ಲಿದ್ದ ಸಾಕ್ಷಿ ಒಂದು ಗಂಟಲು ಮಾತ್ರ.

"ಅವನು ನೋಡಿಲ್ಲ ಅಂತ ನೀನು ಆಣೆ ಇಡ್ತೀಯಾ?" ಎಂದು ಕೇಳಿದರು ಇಂದ್ರಮ್ಮನವರು. ನಾನು ಫೋನ್ ಕೈಗೆತ್ತಿಕೊಂಡೆ. "ಹಾಗಾದ್ರೆ ನಡಿ."

ಧನ್ಯಶ್ರೀಗೆ ಫೋನ್ ಹಚ್ಚಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಸ್ಕೂಟರ್ ಓಡಿಸುವ ಧೈರ್ಯ ನನಗಿರಲಿಲ್ಲ, ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಹಬ್ಬದ ಜನ, ಹೊಸ ಬಟ್ಟೆ, ಮಲ್ಲಿಗೆ. ಬಿಳಿ ಅಂಗಿ ಕಂಡ ಕಡೆಯೆಲ್ಲ ನನ್ನ ಎದೆ ಧಸಕ್ ಎನ್ನುತ್ತಿತ್ತು. ಒಂದು ಬೋಗಿಯಲ್ಲೇ ಏಳು ಬಿಳಿ ಅಂಗಿ ಇದ್ದವು. ಅವನು ಬೈಕಿನಲ್ಲಿ ಹೊರಟಿದ್ದರೆ ಮೈಸೂರು ರಸ್ತೆಯಲ್ಲಿ ನಮಗಿಂತ ಮುಂದೆ ಇರುತ್ತಾನೆ ಎಂದು ಲೆಕ್ಕ ಹಾಕಿದೆ, ಯಾಕಾದರೂ ಹಾಕಿದೆನೋ. ನಾಯಂಡಹಳ್ಳಿ ದಾಟುವಾಗ ಐದನೆಯ ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಇಂದ್ರಮ್ಮನವರು ಕಂಬಿ ಹಿಡಿದು ನಿಂತೇ ಇದ್ದರು, ಸೀಟು ಬಿಟ್ಟುಕೊಟ್ಟರೂ ಕೂರಲಿಲ್ಲ. ಅವರ ತುಟಿ ಅಲುಗಾಡುತ್ತಿತ್ತು. ದೇವರ ನಾಮ ಇರಬೇಕು ಎಂದುಕೊಂಡೆ. ಹತ್ತಿರ ಬಗ್ಗಿದರೆ, "ನಂದೇ ತಪ್ಪು, ನಂದೇ ತಪ್ಪು" ಎನ್ನುತ್ತಿದ್ದರು.

ಕೆಂಗೇರಿಯಲ್ಲಿ ಇಳಿದು ಆಟೋ ಹಿಡಿದೆವು. ಧನ್ಯಶ್ರೀಯ ಮೆಟ್ಟಿಲು ಹತ್ತುವಾಗ ಇಂದ್ರಮ್ಮನವರು ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಬಾಗಿಲು ಹಾಕಿತ್ತು. ಬಡಿದೆ, ಸದ್ದಿಲ್ಲ. ಇನ್ನೊಮ್ಮೆ ಬಡಿದೆ. ಒಳಗೆ ಏನೋ ಬಿದ್ದ ಸದ್ದಾಯಿತು.

ಬಾಗಿಲು ತೆರೆಯಿತು. ಧನ್ಯಶ್ರೀ, ಹಸಿರು ಸೀರೆ, ಕೈತುಂಬ ಹಿಟ್ಟು.

"ಅಮ್ಮಾ! ಅಕ್ಕಾ! ಹಬ್ಬಕ್ಕೆ ಬಂದ್ರಾ? ಫೋನ್ ಚಾರ್ಜ್‌ಗೆ ಹಾಕ್ಬಿಟ್ಟು ಸೈಲೆಂಟ್ ಮಾಡಿದ್ದೆ. ಬನ್ನಿ ಬನ್ನಿ, ಒಬ್ಬಟ್ಟು ಮಾಡ್ತಾ ಇದೀನಿ."

ಒಳಗೆ ಹೊಲಿಗೆ ಯಂತ್ರಕ್ಕೆ ಪೂಜೆ ಮಾಡಿ ಹೂವಿನ ಎಸಳು ಸಿಕ್ಕಿಸಿದ್ದಳು. ರಂಜಿನಿ ನೆಲದ ಮೇಲೆ ಕೂತು ಬಣ್ಣ ತುಂಬುತ್ತಿದ್ದಳು. ಬಿದ್ದದ್ದು ಅವಳ ಪೆನ್ಸಿಲ್ ಡಬ್ಬಿ. ಅವರಿಬ್ಬರನ್ನೂ ಕಂಡು ನನಗೆ ಅಳು ಬಂತು. ಏನೂ ಹೇಳದೆ ಒಬ್ಬಟ್ಟು ತಿಂದು ಹೊರಟುಬಿಡೋಣ ಎನ್ನಿಸಿತು, ಸುಳ್ಳೇಕೆ ಹೇಳಲಿ.

ಇಂದ್ರಮ್ಮನವರು ಕೂರಲಿಲ್ಲ. ಹೊಸ್ತಿಲ ಒಳಗೆ ನಿಂತೇ ಎಲ್ಲ ಹೇಳಿದರು. ಹೆಬ್ಬೆರಳ ನೋವು, ಮೈನಸ್ ಒಂದು, ಚಿತ್ರ, ಕುಂಬಳಕಾಯಿ, ಆ ಗಂಟಲು. ನನ್ನ ಹೆಸರನ್ನು ಎಲ್ಲಿಯೂ ತರಲಿಲ್ಲ. ನಾನು ಬಾಯಿ ತೆರೆದಾಗ ಕೈ ಎತ್ತಿ ತಡೆದರು.

ಧನ್ಯಶ್ರೀ ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಅವಳ ಮುಖ ಜೂನ್ ತಿಂಗಳಲ್ಲಿ ಇದ್ದಂತಾಯಿತು, ನಮ್ಮ ಕಣ್ಣೆದುರಿಗೇ.

"ಎಷ್ಟೊತ್ತು ಒಬ್ಬನೇ ಕೂತಿದ್ದ?"

"ಹತ್ತು ನಿಮಿಷ. ಹನ್ನೆರಡೂ ಇರಬಹುದು."

"ಅವನಿಗೆ ಎರಡು ಸಾಕು," ಎಂದಳು. ಒಲೆ ಆರಿಸಿದಳು. ಕೈ ತೊಳೆದುಕೊಂಡಳು. ಅಟ್ಟದಿಂದ ಚೀಲ ಇಳಿಸಿ ಮಗಳ ಬಟ್ಟೆ ತುಂಬತೊಡಗಿದಳು. "ಅಮ್ಮ, ಮತ್ತೆ ಸ್ಕೂಲು?" ಎಂದು ರಂಜಿನಿ ಕೇಳಿದ್ದಕ್ಕೆ, "ದಸರಾ ರಜ ಅಲ್ವಾ," ಎಂದಳು. ಮಗು ನಂಬಲಿಲ್ಲ, ಆದರೆ ಬಣ್ಣದ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಂಡಿತು. ಇಂಥ ಮಕ್ಕಳಿಗೆ ಗಂಟು ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಲಿಗೆ ಯಂತ್ರ ಹೊರಲಾಗದ್ದು. ಅದರ ಮೇಲೊಂದು ಬಟ್ಟೆ ಹೊದಿಸಿದಳು.

ನಾನು ಬ್ಯಾಗಿನಿಂದ ಪುಸ್ತಕ, ಪೆನ್ನು ತೆಗೆದೆ. ಅಭ್ಯಾಸ ಬಲ. "ರಾಜಾಜಿನಗರದಲ್ಲಿ ಒಂದು ಮನೆ ಇದೆ ಧನ್ಯಾ, ಇವತ್ತೇ ಮಾತಾಡ್ತೀನಿ. ಅಲ್ಲೀತನಕ ಎಲ್ಲಿರ್ತೀಯ ಹೇಳು, ಬರ್ಕೊಳ್ತೀನಿ."

ಧನ್ಯಶ್ರೀ ಚೀಲದ ಜಿಪ್ ಎಳೆದು ನಿಂತಳು. "ಬರ್ಕೋಬೇಡಿ ಅಕ್ಕ. ನೀವು ನಮಗೆ ಮಾಡಿದ್ದು ಯಾರೂ ಮಾಡಲ್ಲ. ಆದ್ರೆ ಇನ್ಮೇಲೆ ನಾವು ಎಲ್ಲಿರ್ತೀವಿ ಅಂತ ನಿಮಗೂ ಹೇಳಲ್ಲ. ಕಂಪ್ಯೂಟರ್‌ನಲ್ಲೂ ಬೇಡ, ಪುಸ್ತಕದಲ್ಲೂ ಬೇಡ, ನಿಮ್ಮ ತಲೇಲೂ ಬೇಡ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹೆಂಗಸೊಬ್ಬಳೇ, ಏಳು ವರ್ಷದ ಮಗು, ಎಲ್ಲಿಗೆ ಹೋಗುತ್ತೀ, ಎಂದು ವಾದಕ್ಕೆ ಇಳಿದೆ. ಇಂದ್ರಮ್ಮನವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

"ಸರಿ ಕಣಮ್ಮ," ಎಂದರು ಅವಳಿಗೆ. "ಹೇಳ್ಬೇಡ."

ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲರೂ ಇಳಿದು ಬಂದೆವು. ಬೀದಿಯ ಎರಡೂ ತುದಿ ನೋಡಿದೆವು, ಬಿಳಿ ಅಂಗಿಯವನು ಇರಲಿಲ್ಲ. ಹೂವಿನ ಹಾರ ಹಾಕಿದ ಒಂದು ಆಟೋವನ್ನು ಧನ್ಯಶ್ರೀ ತಾನೇ ಕೂಗಿ ನಿಲ್ಲಿಸಿದಳು. ಮೊದಲು ಚೀಲ, ಆಮೇಲೆ ಮಗು. ಹತ್ತುವ ಮುಂಚೆ ಬಗ್ಗಿ ಇಂದ್ರಮ್ಮನವರ ಕಾಲು ಮುಟ್ಟಿದಳು. ಇಂದ್ರಮ್ಮನವರು ಅವಳ ತಲೆ ಸವರಿದರು. ಎಲ್ಲಿಗೆ ಎಂದು ಡ್ರೈವರ್ ಕೇಳಿದಾಗ, "ಮೊದ್ಲು ನಡೀರಿ ಅಣ್ಣ, ಆಮೇಲೆ ಹೇಳ್ತೀನಿ," ಎಂದಳು.

ಆಟೋ ಬೀದಿಯ ತುದಿಗೆ ಹೋಗಿ ಎಡಕ್ಕೋ ಬಲಕ್ಕೋ ತಿರುಗಬೇಕಿತ್ತು. ನಾನು ನೋಡುತ್ತಾ ನಿಂತಿದ್ದೆ. ಇಂದ್ರಮ್ಮನವರು ನನ್ನ ಭುಜ ಹಿಡಿದು ಬಲವಾಗಿ ತಿರುಗಿಸಿದರು.

"ನೋಡ್ಬೇಡ ಕಣೇ. ಯಾವ ಕಡೆ ಹೋದ್ಲು ಅಂತ ನಮಗೆ ಗೊತ್ತಾಗೋದು ಬೇಡ."

ನಾವಿಬ್ಬರೂ ಆ ಮನೆಯ ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತೆವು. ದಾರಿಯಲ್ಲಿ ಹೋಗುವವರು ನಮ್ಮನ್ನು ನೋಡಿ ಏನೆಂದುಕೊಂಡರೋ. ಇಂದ್ರಮ್ಮನವರು ಕಣ್ಣನ್ನೂ ಮುಚ್ಚಿಕೊಂಡಿದ್ದರು. ಆಟೋ ಹೋಗಿ ಬಹಳ ಹೊತ್ತಾದ ಮೇಲೂ ಅವರು ಈ ಕಡೆ ತಿರುಗಲಿಲ್ಲ.